ಚಾಪೆ ಹಾಸಿದರೆ ಅಳುವ ಹುಡುಗ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯವರು ರೇಷ್ಮೆ ಹುಳ ಸಾಕುತ್ತಾರೆ, ಎರಡು ಸೀಮೆಹಸು ಇವೆ. ಮಗನಿಗೆ ಏಳು ವರ್ಷ. ಎಂಟನೇ ತಿಂಗಳಿಗೇ ಹುಟ್ಟಿದವನು. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಮೈಕೈ ಚಲನೆಗೆ ಬರುವ ತೊಂದರೆ. ಅದರಲ್ಲೂ ಎರಡು ಕಾಲು ಬಿಗಿಯಾಗುವ ಬಗೆ. ಮಾತು ಚುರುಕು. ಮನೆಯೊಳಗೆ ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ, ಮೊಣಕಾಲು ಒಂದಕ್ಕೊಂದು ತಾಗುತ್ತವೆ. ಬೀದಿಗೆ ಹೋಗಬೇಕೆಂದರೆ ಅಮ್ಮನೇ ಎತ್ತಿಕೊಳ್ಳಬೇಕು.

ತಾಯಿ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಮಾತಾಡುತ್ತಾ ಆಡುತ್ತಾ ಅಳು ಬಂತು. "ಚಾಪೆ ಹಾಸಿದರೆ ಸಾಕು ಮೇಡಂ, ಮಂಚದ ಕೆಳಗೆ ತೆವಳಿ ಹೋಗ್ತಾನೆ. ಕಾಲು ಎಳೆಯೋಕೆ ಹೋದರೆ 'ನೀನು ಬೇಡ, ಅಜ್ಜಿ ಬೇಕು' ಅಂತಾನೆ. ನನ್ನ ಮಗನಿಗೆ ನಾನೇ ಶತ್ರು ಆಗಿಬಿಟ್ಟೆ."

ಎರಡು ವರ್ಷದ ಹಿಂದೆ ಯಾರೋ ಹೇಳಿಕೊಟ್ಟ ವ್ಯಾಯಾಮವನ್ನು ಈಕೆ ಬೆಳಗ್ಗೆ ಸಂಜೆ ಬಿಡದೆ ಮಾಡಿಸುತ್ತಿದ್ದರು. ಮಗುವನ್ನು ಮಲಗಿಸಿ ಹಿಮ್ಮಡಿ ಎಳೆಯುವುದು, ತೊಡೆ ಅಗಲಿಸುವುದು. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ಹಾಕುವುದರಲ್ಲೇ ಹಗಲು ರಾತ್ರಿ ಕಳೆಯುತ್ತದೆ. ಆಗ ವ್ಯಾಯಾಮ ತಪ್ಪುತ್ತದೆ, ಗಂಡ ಬೈಯುತ್ತಾರೆ. ಮರುದಿನ ಇವರು ಎರಡರಷ್ಟು ಎಳೆಯುತ್ತಾರೆ, ಮಗು ಎರಡರಷ್ಟು ಅಳುತ್ತದೆ.

ಜೊತೆಗೆ ಅತ್ತೆಯ ಮಾತು: "ಗ್ರಹಣದ ದಿನ ಆಚೆ ಬಂದಿದ್ದಳು." ಸೊಸೆಗೆ ಒಳಗೊಳಗೆ ಬೇರೆ ಸಂಶಯ: ಬಸುರಿಯಾಗಿದ್ದಾಗ ಸೊಪ್ಪಿನ ಹೊರೆ ಹೊತ್ತೆ, ಅದಕ್ಕೇ ಹೀಗಾಯಿತೇನೋ. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿದೆ. ತಿಂಗಳು ತುಂಬುವ ಮೊದಲೇ ಹುಟ್ಟುವ ಮಕ್ಕಳ ಮಿದುಳಿನ ಒಳಭಾಗ ಬಹಳ ಎಳಸು. ಕಾಲಿಗೆ ಹೋಗುವ ನರದ ಎಳೆಗಳು ಹಾದುಹೋಗುವುದು ಅಲ್ಲೇ. ಅಲ್ಲಿ ಪೆಟ್ಟಾದರೆ ಕೈಗಿಂತ ಕಾಲಿಗೆ ತೊಂದರೆ ಜಾಸ್ತಿ. ಬೇಗ ಹೆರಿಗೆ ಆಗಲು ಎಷ್ಟೋ ಕಾರಣ ಇರುತ್ತವೆ, ಬಹಳ ಸಲ ಯಾವುದೆಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಜ್ಜಿ ಏನೂ ಹೇಳಲಿಲ್ಲ. ಆದರೆ ಆಮೇಲೆ ಆ ಮಾತು ಮನೆಯಲ್ಲಿ ಬಂದಿಲ್ಲವಂತೆ.

ಮಿದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ. ಮಗು ಬೆಳೆಯುತ್ತದೆ. ಮೂಳೆ ಉದ್ದವಾಗುವಷ್ಟು ಬೇಗ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ. ಹಾಗಾಗಿ ಬೆಳೆಯುವ ವಯಸ್ಸಿನಲ್ಲಿ ನಡಿಗೆ ಹಿಂದೆ ಬಿದ್ದಂತೆ ಕಾಣಬಹುದು. ಅದನ್ನು ತಾಯಿಯ ಸೋಮಾರಿತನ ಅನ್ನಬೇಡಿ ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದೆ.

ವ್ಯಾಯಾಮ ಬದಲಿಸುವುದು ನನ್ನ ಕೆಲಸವಲ್ಲ. ಜಿಲ್ಲಾಸ್ಪತ್ರೆಯ ಫಿಜಿಯೋಥೆರಪಿಸ್ಟ್ ಜೊತೆ ಮಾತಾಡಿ ಮಗುವನ್ನು ಮತ್ತೆ ತೋರಿಸಿದೆವು. ಅವರು ಹೇಳಿದ್ದು ಇಷ್ಟು: ಬೇರೆಯವರು ಕಾಲು ಹಿಡಿದು ಎಳೆಯುವುದರಿಂದ ಮಾತ್ರ ನಡಿಗೆ ಸುಧಾರಿಸುವುದಿಲ್ಲ. ನಡೆಯುವುದನ್ನು ನಡೆದೇ ಕಲಿಯಬೇಕು. ಮಗು ತನಗೆ ಬೇಕಾದ ಕೆಲಸವನ್ನು ತಾನೇ ಮತ್ತೆ ಮತ್ತೆ ಮಾಡಿದಾಗ ಮಿದುಳು ಕಲಿಯುತ್ತದೆ. ಹಿಮ್ಮಡಿ ಕೆಳಗೆ ಇಳಿಸಿ ಹಿಡಿಯಲು ಎಎಫ್‌ಓ ಎನ್ನುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿದರೆ, ಅಳಿಸಿ ಎಳೆಯುವ ಹತ್ತು ನಿಮಿಷಕ್ಕಿಂತ ಒಳ್ಳೆಯದು.

ನಾನು ಹುಡುಗನನ್ನೇ ಕೇಳಿದೆ, "ನಿಂಗೆ ಎಲ್ಲಿಗೆ ನಡ್ಕೊಂಡು ಹೋಗ್ಬೇಕು?" ಅವನು ಯೋಚಿಸಲೇ ಇಲ್ಲ. "ಡೈರಿಗೆ. ತಾತನ ಜೊತೆ. ನಾನೇ ಹಾಲಿನ ಕಾರ್ಡ್ ಕೊಡ್ಬೇಕು." ಇಷ್ಟು ದಿನ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ!

ಡೈರಿಯೇ ಗುರಿಯಾಯಿತು. ಹಿಂದೆ ಎಳೆದುಕೊಂಡು ನಡೆಯುವ ವಾಕರ್ ಕೊಡಿಸಿದರು. ಮುಂದೆ ತಳ್ಳುವ ವಾಕರ್‌ನಲ್ಲಿ ಈ ಮಕ್ಕಳು ಬಗ್ಗಿಬಿಡುತ್ತಾರೆ, ಇದರಲ್ಲಿ ಮೈ ನೆಟ್ಟಗಾಗುತ್ತದೆ. ಚಾಪೆಯ ಬದಲು ಮಣೆ ಬಂತು. ಮಣೆಯಿಂದ ಎದ್ದು ನಿಲ್ಲುವುದು, ಕೂರುವುದು. ಸುಲಭವಾದ ಮೇಲೆ ಬೆನ್ನಿಗೆ ಸ್ಕೂಲ್ ಬ್ಯಾಗ್, ಅದರಲ್ಲಿ ಒಂದು ಪುಸ್ತಕ, ಆಮೇಲೆ ಎರಡು. ತೂಕ ಎಷ್ಟು ಎನ್ನುವುದನ್ನು ಫಿಜಿಯೋನೇ ಹೇಳಬೇಕು. ಜಗಲಿ ಮೇಲೆ ಪಕ್ಕಕ್ಕೆ ಹೆಜ್ಜೆ ಇಟ್ಟು ಹತ್ತುವುದು, ಹೊಸಿಲು ದಾಟುವುದು. ಈ ಶಕ್ತಿಯ ವ್ಯಾಯಾಮ ವಾರಕ್ಕೆ ಮೂರು ದಿನ, ನಡುವೆ ಬಿಡುವು. ಸ್ನಾಯುವಿಗೂ ವಿಶ್ರಾಂತಿ ಬೇಕಲ್ವಾ? ನಡಿಗೆ ಮಾತ್ರ ದಿನಾ. ಸ್ಪ್ಲಿಂಟ್ ಬಿಚ್ಚಿದಾಗ ಚರ್ಮ ನೋಡಬೇಕು. ಕೆಂಪಾದದ್ದು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಸರಿಮಾಡಿಸಬೇಕು.

ತಾಯಿಗೆ ನಾನು ಕೊಟ್ಟ ಸಲಹೆ ಇನ್ನೊಂದು. ಬಿಗಿ ಸಡಿಲಿಸುವ ಕೆಲಸ ಏನಿದ್ದರೂ ಅಪ್ಪನದು. ನೀವು ಊಟ ಮಾಡಿಸಿ, ಕತೆ ಹೇಳಿ, ಡೈರಿಯಿಂದ ಬಂದಾಗ ಏನಾಯ್ತು ಅಂತ ಕೇಳಿ. ನಾಲ್ಕನೇ ಜ್ವರದ ವಾರ ಸ್ಪ್ಲಿಂಟ್ ಮತ್ತು ಡೈರಿ ಎರಡೇ ಸಾಕು. ಅದು ತಪ್ಪಿದ್ದಲ್ಲ, ಮೊದಲೇ ಗೊತ್ತುಮಾಡಿದ ಬಿಡುವು. ಹೀಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲಾಯಿತು.

ಅಪ್ಪನ ಪ್ರಶ್ನೆಯೇ ಕಷ್ಟದ್ದು. "ಏನೂ ಹಿಡಿಯದೆ ಯಾವಾಗ ನಡೀತಾನೆ?" ಸುಮ್ನೆ ಸಮಾಧಾನ ಹೇಳಬಾರದು ಎಂದು ನನ್ನ ನಂಬಿಕೆ. ಈ ಮಕ್ಕಳ ಓಡಾಟವನ್ನು ಐದು ಹಂತವಾಗಿ ನೋಡುವ ಪಟ್ಟಿಯೊಂದನ್ನು 1997ರಲ್ಲಿ ಕೆನಡಾದಲ್ಲಿ ಮಾಡಿದರು, ಈಗ ಎಲ್ಲ ಕಡೆ ಬಳಸುತ್ತಾರೆ. ಇವನದು ಮೂರನೇ ಹಂತ, ಕೈಯಲ್ಲಿ ಹಿಡಿಯುವ ಸಾಧನದೊಂದಿಗೆ ನಡೆಯುವವರು. ಐದು ವರ್ಷ ದಾಟಿದ ಮೇಲೆ ಹಂತ ಬದಲಾಗುವುದು ಕಡಿಮೆ. ಆದರೆ ಅದೇ ಹಂತದೊಳಗೆ ದೂರ ನಡೆಯುವುದು, ಬೇಗ ನಡೆಯುವುದು, ಬೀಳದೆ ತಿರುಗುವುದು, ತಾನಾಗಿ ಬಚ್ಚಲಿಗೆ ಹೋಗುವುದು, ಇವೆಲ್ಲ ತರಬೇತಿಯಿಂದ ಬರುತ್ತವೆ. ಅವರು ತುಂಬ ಹೊತ್ತು ತಲೆ ತಗ್ಗಿಸಿಕೊಂಡು ಕೂತಿದ್ದರು.

ಆಮೇಲೆ ಅಸಲು ವಿಷಯ ಹೊರಬಂತು. ಬೆಂಗಳೂರಿನ ಒಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನಡೆಯುತ್ತಾನೆ ಎಂದಿದ್ದರಂತೆ. ಅದಕ್ಕೆ ಹಿಪ್ಪುನೇರಳೆ ತೋಟ ಮಾರಲು ಮಾತು ನಡೆದಿತ್ತು. ನನಗೆ ಸಂಕಟವಾಯಿತು. 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತದ ಕಾಯಿಲೆ ಬಿಟ್ಟರೆ ಉಳಿದದ್ದಕ್ಕೆ ಈ ಚಿಕಿತ್ಸೆ ಇನ್ನೂ ಪ್ರಯೋಗ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇದನ್ನು ಓದಿ ತೋರಿಸಿದೆ. ತೋಟ ಉಳಿಯಿತು.

ದುಡ್ಡಿನ ದಾರಿ ಬೇರೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯೂ ಹಿಡಿದು ಯುಡಿಐಡಿ ಎನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಲು, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ ಅರ್ಜಿ ಹಾಕಲು ಹೇಳಿದೆ. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಒಂದು ಪಾಲು ಇದೆ.

ಈಗ ಹುಡುಗ ಬೆಳಗ್ಗೆ ಡೈರಿಗೆ ವಾಕರ್‌ನಲ್ಲಿ ಹೋಗುತ್ತಾನೆ. ಬರುವಾಗ ಸುಸ್ತಾದರೆ ತಾತ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲಿ. ಎಡಗಾಲಿನ ಬಿಗಿ ಜಾಸ್ತಿಯಾಗಿದೆ, ಸ್ನಾಯುವಿನ ಬಿಗಿ ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ ಬೇಕೇ ಎಂದು ಮೂಳೆ ಡಾಕ್ಟರನ್ನು ಕೇಳಬೇಕು. ಸೊಂಟದ ಎಕ್ಸ್‌ರೇ ಕೂಡ ಆಗಬೇಕು. ಈ ಮಕ್ಕಳಲ್ಲಿ ಸೊಂಟದ ಕೀಲು ನೋವಿಲ್ಲದೆಯೇ ಜಾರುತ್ತಾ ಹೋಗಬಹುದು.

ಮುಂದಿನ ಸಲ ಹತ್ತು ವರ್ಷದ ಅಕ್ಕನನ್ನೂ ಕರೆತನ್ನಿ ಎಂದಿದ್ದೇನೆ. ತಮ್ಮನ ಸ್ಪ್ಲಿಂಟ್ ಬಿಗಿಯುವುದು, ಸ್ಕೂಲಿನಲ್ಲಿ ಅವನನ್ನು ಶೌಚಾಲಯಕ್ಕೆ ಕರೆದೊಯ್ಯುವುದು ಎಲ್ಲ ಅವಳೇ. ಅವಳು ಹೇಗಿದ್ದಾಳೆ ಎಂದು ನಾವು ಯಾರೂ ಇನ್ನೂ ಕೇಳಿಲ್ಲ.