ನಝರೆಗೆ ಹೋಗುವವರು ಸ್ವೆಟರ್ ಮರೆಯಬೇಡಿ

ಓದುಗರ ಪ್ರಶ್ನೆ, ವಾಸ್ಕೋದ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ಬೇಸಿಗೆ ರಜೆಯಲ್ಲಿ ಪೋರ್ಚುಗಲ್ಲಿನ ನಝರೆ ಎಂಬ ಮೀನುಗಾರರ ಊರಿನಲ್ಲಿ ಐದು ದಿನ ಇರೋಣ ಎಂದು ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. ವರ್ಷಕ್ಕೊಮ್ಮೆ ಗೋವಾಕ್ಕೆ ಬರುವವರು ನಾವು. ಅದೇ ಸಮುದ್ರ, ಅದೇ ಮೀನು, ಅದೇ ಇಗರ್ಜಿ ನೋಡಲು ಅಷ್ಟು ದುಡ್ಡು ಸುರಿಯಬೇಕೇ? ಮಕ್ಕಳಿಗೆ 6 ಮತ್ತು 11 ವರ್ಷ. ಜೊತೆಗೆ ಬರುವ ಅತ್ತೆಯವರು ಮೀನು ಮುಟ್ಟುವುದಿಲ್ಲ.
(ಓದುಗರೊಬ್ಬರು, ಕೊತ್ರೂಡ್, ಪುಣೆ)

ಉತ್ತರ: ಗೋವಾದ ವಾಸ್ಕೋ ಡ ಗಾಮಾ ಊರಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ ನಾನೂ ‘ಅದೇ ಸಮುದ್ರ’ ಎಂದುಕೊಂಡೇ ಹೋಗಿದ್ದೆ. ಜೂನ್ ಮೊದಲ ವಾರ, ಹತ್ತಿ ಸೀರೆ, ಹವಾಯಿ ಚಪ್ಪಲಿ. ನೀರಿಗೆ ಪಾದ ಇಟ್ಟದ್ದೇ ತಡ, ಮಂಡಿಯವರೆಗೆ ಜುಮ್ಮೆಂದಿತು. ಅಟ್ಲಾಂಟಿಕ್ ಆ ದಿನಗಳಲ್ಲಿ 16-17 ಡಿಗ್ರಿ ಇರುತ್ತದೆ. ನನ್ನ ಮೊಮ್ಮಗ ಒಂದೇ ಅಲೆಗೆ ವಾಪಸು ಓಡಿ ಬಂದು ‘ಅಜ್ಜೀ, ಇದು ಫ್ರಿಜ್ಜಿನ ನೀರು’ ಎಂದ. ಜುಲೈ-ಆಗಸ್ಟ್‌ನಲ್ಲೂ ಅಲ್ಲಿ ಬೆಳಗ್ಗೆ ಮಂಜು ಮುಸುಕುವುದುಂಟು. ಈಜಿ ಬರುವ ಆಸೆಯಿದ್ದರೆ ಗೋವಾಕ್ಕೇ ಬನ್ನಿ, ನಮ್ಮನೆಯಲ್ಲೇ ಚಹಾ ಕುಡಿದು ಹೋಗಿ. ನಝರೆ ಇರುವುದು ದಂಡೆಯಲ್ಲಿ ಕೂತು ನೋಡುವುದಕ್ಕೆ.

ನೋಡುವುದೇನೆಂದರೆ, ಮರಳಿನ ಮೇಲೆ ಒಂದು ಮಗ್ಗುಲಲ್ಲಿ ಮರದ ಚೌಕಟ್ಟಿಗೆ ಬಲೆ ಬಿಗಿದ ಮಂಚಗಳ ಸಾಲು ಇದೆ. ಕರಪಾವ್ ಎಂಬ ಮೀನನ್ನು ಹೊಟ್ಟೆ ಸೀಳಿ, ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ, ತೊಳೆದು, ಉಪ್ಪುನೀರಿನಲ್ಲಿ ಅದ್ದಿ ಅದರ ಮೇಲೆ ಹರಡುತ್ತಾರೆ. ಕುಮಟೆಯಲ್ಲಿ ನನ್ನಜ್ಜಿ ಒಣಮೀನಿಗೆ ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದಳು, ಕೈಗೊಂದು ಕೋಲು ಕೊಟ್ಟು. ಇಲ್ಲಿ ಕಾಗೆಯ ಬದಲು ಕಡಲಹಕ್ಕಿ. ಕೋಲಿನ ಬದಲು ಮೇಲೊಂದು ಬಲೆ. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಮೀನು ಜೋಡಿಸುತ್ತಿದ್ದಳು. ನನ್ನ ಕೈ ಸುಮ್ಮನಿರಬೇಕಲ್ಲ, ಅಜ್ಜಿಯ ಪದ್ಧತಿಯಂತೆ ಒಂದನ್ನು ಮಗುಚಿ ಹಾಕಿದೆ. ಅವಳು ಲೊಚಗುಟ್ಟಿ ಮತ್ತೆ ಮೊದಲಿನಂತೆ ಚರ್ಮ ಕೆಳಗೆ ಮಾಡಿ ಇಟ್ಟಳು. ಆಮೇಲೆ ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು. ಅರ್ಧ ಗಂಟೆ ಹಾಗೇ ಕೂತಿದ್ದೆವು. ಮಳೆಗಾಲಕ್ಕೆ ಮುಂಚೆ ನಮ್ಮ ಮಡಗಾಂವಿನಲ್ಲಿ ಒಣಮೀನು, ಮೆಣಸಿನಕಾಯಿ ಕೂಡಿಟ್ಟುಕೊಳ್ಳುವ ಪುರುಮೆಂತಾಚೆಂ ಫೆಸ್ತ್ ನಡೆಯುತ್ತದಲ್ಲ, ಆ ‘ಪುರುಮೆಂತ್’ ಎಂಬ ಮಾತೂ ಪೋರ್ಚುಗೀಸರದೇ. ದಾಸ್ತಾನು ಎಂಬರ್ಥದ ಪ್ರೊವಿಮೆಂತು.

1980ರ ದಶಕದವರೆಗೆ ಈ ಊರಿಗೆ ಬಂದರು ಎಂಬುದೇ ಇರಲಿಲ್ಲ. ದೋಣಿಗಳನ್ನು ಅಲೆಗಳ ಬಾಯಿಗೇ ನೂಕಬೇಕು, ಮರಳಿ ಬಂದ ಮೇಲೆ ಎತ್ತು ಕಟ್ಟಿ ಮರಳಿನ ಮೇಲೆ ಎಳೆಯಬೇಕು. ಗಂಡ ಬರುವವರೆಗೆ ಹೆಂಗಸರು ಗಾಳಿಯಲ್ಲಿ ಕೂತು ಕಾಯುತ್ತಿದ್ದರಂತೆ, ಕೆಲವು ಲಂಗಗಳನ್ನು ತಲೆ-ಹೆಗಲಿಗೆ ಹೊದ್ದು, ಉಳಿದವನ್ನು ಕಾಲಿಗೆ ಸುತ್ತಿಕೊಂಡು. ಅಲ್ಲಿನ ಹೆಂಗಸರ ಏಳು ಲಂಗಗಳ ಉಡುಗೆಗೆ ಊರಿನವರು ಹೇಳುವ ಕಾರಣ ಇದು. ಪ್ರವಾಸಿಗರಿಗೆ ತೋರಿಸಲು ಹಾಕುತ್ತಾರೆ ಎಂದು ನಮ್ಮ ಮಗ ಮೂಗು ಮುರಿದ. ಸ್ವಲ್ಪ ನಿಜವೇ. ಆದರೆ ಸಂಜೆ ಆ ಗಾಳಿ ಬೀಸಿದಾಗ ನನಗೂ ಇನ್ನಾರು ಸೀರೆ ಬೇಕೆನ್ನಿಸಿತು.

ಮಕ್ಕಳಿಗೆ ಬೇಸರವಾಗುವುದಿಲ್ಲ. ದಂಡೆಯಿಂದ 110 ಮೀಟರ್ ಎತ್ತರದ ಬಂಡೆಯ ಮೇಲಿರುವ ಸೀತಿಯು ಎಂಬ ಮೇಲೂರಿಗೆ 1889ರಲ್ಲಿ ಶುರುವಾದ, ಹಳಿ ಮೇಲೆ ಹತ್ತುವ ಗಾಡಿಯಿದೆ. ನಮ್ಮ ಮೊಮ್ಮಗ ಒಂದೇ ದಿನ ಮೂರು ಸಲ ಹತ್ತಿಸಿದ. ಮೇಲೆ ಪುಟ್ಟ ಪ್ರಾರ್ಥನಾ ಮಂದಿರದ ಬಳಿ ವಾಸ್ಕೋ ಡ ಗಾಮನ ನೆನಪಿನ ಕಂಬವಿದೆ. ಭಾರತಕ್ಕೆ ಹೊರಡುವ ಮುನ್ನ ಅವನು ಇಲ್ಲಿ ಹರಕೆ ಹೊತ್ತನೆಂದು ಅಲ್ಲಿನವರ ನಂಬಿಕೆ. ಮನೆ ವಿಳಾಸದಲ್ಲಿ ದಿನವೂ ಅವನ ಹೆಸರು ಬರೆಯುವ ನಾನು, ‘ನೀನು ಬಂದೆ, ನಾವು ಹೋದೆವು, ಲೆಕ್ಕ ಚುಕ್ತಾ’ ಎಂದುಕೊಂಡೆ.

ಅತ್ತೆಯವರ ವಿಷಯ ನಿಜಕ್ಕೂ ಕಷ್ಟದ್ದು. ಮೊಟ್ಟೆಯನ್ನೂ ತಿನ್ನದ ನನ್ನ ವಾರಗಿತ್ತಿ ಮೊದಲ ರಾತ್ರಿ ಸೊಪ್ಪಿನ ಸಾರೆಂದು ‘ಕಾಲ್ದು ವೆರ್ದ್’ ತರಿಸಿಕೊಂಡಳು. ಹಸಿರು ಸಾರಿನ ನಡುವೆ ಕೆಂಪನೆಯ ಬಿಲ್ಲೆಯೊಂದು ತೇಲುತ್ತಿತ್ತು. ಅದು ಹಂದಿಮಾಂಸದ ಶೊರಿಸು, ನಮ್ಮ ಗೋವಾದ ಚೊರೀಸಿನ ಅಣ್ಣ. ಅವಳು ಅತ್ತೇಬಿಟ್ಟಳು. ‘ಸೆಂ ಕಾರ್ನ್, ಸೆಂ ಪೈಶ್’ (ಮಾಂಸ ಬೇಡ, ಮೀನು ಬೇಡ) ಎಂದು ಹೇಳಲು ಅತ್ತೆಯವರಿಗೆ ಇಲ್ಲಿಂದಲೇ ಕಲಿಸಿ ಕರೆದುಕೊಂಡು ಹೋಗಿ. ಅದಕ್ಕಿಂತ ಒಳ್ಳೆಯದು, ಹೋಟೆಲ್ ಬಿಟ್ಟು ಅಡುಗೆಮನೆಯಿರುವ ಮನೆ ಹಿಡಿಯಿರಿ. ದಂಡೆಯ ಹಿಂದಿನ ಓಣಿಗಳ ತುಂಬ ಅಂಥ ಮನೆಗಳಿವೆ. ‘ಕ್ವಾರ್ತುಶ್’ (ಕೋಣೆಗಳು) ಎಂದು ಬರೆದ ಹಲಗೆ ಹಿಡಿದು ಅಜ್ಜಿಯರು ರಸ್ತೆಯಲ್ಲೇ ಕೂತಿರುತ್ತಾರೆ. ಆದರೆ ವೀಸಾಕ್ಕೆ ವಸತಿಯ ಕಾಗದ ಬೇಕಾದ್ದರಿಂದ ಮೊದಲೇ ಗೊತ್ತು ಮಾಡಿಕೊಳ್ಳಿ. ಅಕ್ಕಿಗೆ ಬರವಿಲ್ಲ. ಯುರೋಪಿನಲ್ಲೇ ತಲಾ ಅತಿ ಹೆಚ್ಚು ಅನ್ನ ಉಣ್ಣುವವರು ಅವರು. ಪೇಟೆಯಲ್ಲಿ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಸೊಪ್ಪನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ ಕೊಡುತ್ತಾರೆ, ಆ ಸಾರಿಗೆಂದೇ. ವಾರಗಿತ್ತಿ ಎರಡನೆಯ ದಿನ ಅದನ್ನು ತಂದು ಸಾಸಿವೆ, ಒಣಕೊಬ್ಬರಿ ಹಾಕಿ ಪಲ್ಯ ಮಾಡಿದಳು. ಮೀನು ತಿನ್ನುವ ನಾವೂ ಅದನ್ನೇ ಖಾಲಿ ಮಾಡಿದೆವು.

ಇನ್ನೊಂದು. ಕೂತ ಕೂಡಲೇ ಮೇಜಿನ ಮೇಲೆ ಪಾವ್, ಬೆಣ್ಣೆ, ಆಲಿವ್ ತಂದಿಟ್ಟರೆ ಅದು ಉಪಚಾರವಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ವಾಪಸು ಕಳಿಸಿ, ಯಾರೂ ಮುಖ ಸಿಂಡರಿಸುವುದಿಲ್ಲ. ನಾವು ಮೂರು ತಟ್ಟೆ ಖಾಲಿ ಮಾಡಿದ ಮೇಲೆ ತಿಳಿದುಕೊಂಡೆವು.

ವೀಸಾ ಶೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ದೊಡ್ಡವರಿಗೆ 90 ಯೂರೋ. ಆರು ತುಂಬಿ ಹನ್ನೆರಡು ತುಂಬದವರಿಗೆ 45. ದೊಡ್ಡ ಮಗುವಿಗೆ ಹನ್ನೆರಡಾಗುವ ಮೊದಲೇ ಹೊರಟುಬಿಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಲಿಸ್ಬನ್‌ನಿಂದ ಬಸ್ಸಿನಲ್ಲಿ ಎರಡು ಗಂಟೆ ಹಾದಿ.

ಪ್ರಶ್ನೆ: ಪ್ರಪಂಚದ ಅತಿ ದೊಡ್ಡ ಅಲೆ ಇಲ್ಲೇ ಬರುತ್ತದಂತೆ. ಜೂನ್‌ನಲ್ಲಿ ಕಾಣುತ್ತದೆಯೇ?
(ವಿದ್ಯಾರ್ಥಿ, ಡೊಂಬಿವಲಿ)

ಉತ್ತರ: ಇಲ್ಲ. ಅದಕ್ಕೆ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಬೇಕು. ಊರಿನ ಎದುರಿಗೇ ಸಮುದ್ರದ ತಳದಲ್ಲಿ ಸುಮಾರು 5000 ಮೀಟರ್ ಆಳಕ್ಕೆ ಇಳಿಯುವ ಕಣಿವೆಯಿದೆ. ಕಣಿವೆಯಲ್ಲಿ ಬರುವ ಅಲೆ ವೇಗ ಕಳೆದುಕೊಳ್ಳದೆ ಬರುತ್ತದೆ, ಪಕ್ಕದ ಕಡಿಮೆ ಆಳದಲ್ಲಿ ಬರುವುದು ನಿಧಾನವಾಗುತ್ತದೆ; ಎರಡೂ ದಡದ ಬಳಿ ಒಂದರ ಮೇಲೊಂದು ಏರಿ ಗೋಡೆಯಾಗುತ್ತವೆ. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟೊಯ್ಡ್ನರ್ ಇಲ್ಲಿ 26.21 ಮೀಟರ್ ಅಲೆಯ ಮೇಲೆ ಸರ್ಫಿಂಗ್ ಹಲಗೆಯಲ್ಲಿ ಜಾರಿ ದಾಖಲೆ ಮಾಡಿದ. ಕೋಟೆಯ ದೀಪಸ್ತಂಭದ ಬಳಿ ನಿಂತು ನೋಡಬೇಕು. ಆ ಬದಿಯ ಉತ್ತರ ದಂಡೆಯಲ್ಲಿ ಬೇಸಿಗೆಯಲ್ಲೂ ನೀರಿಗಿಳಿಯಬಾರದು.

ಪ್ರಶ್ನೆ: ಭಾಷೆಗೆ ಏನು ಮಾಡಿದಿರಿ?
(ಗೃಹಿಣಿ, ಫೋಂಡಾ)

ಉತ್ತರ: ಅಂಗಡಿಯವರಿಗೆ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತದೆ. ಮನೆಯೊಡತಿ ಅಜ್ಜಿಗೆ ಒಂದಕ್ಷರವೂ ಬಾರದು. ಬಟಾಟೆ, ಚಾವಿ, ತುವಾಲು ಪೋರ್ಚುಗೀಸರಿಂದಲೇ ನಮಗೆ ಬಂದ ಮಾತುಗಳಲ್ಲವೇ, ನಾವು ಹೇಳಿದ ಹಾಗೆಯೇ ಹೆಚ್ಚುಕಡಿಮೆ ಅರ್ಥವಾದವು. ಬಚ್ಚಲಿನಲ್ಲಿ ಬಕೆಟ್ ಇರಲಿಲ್ಲ. ‘ಬಾಲ್ದಿ’ ಎಂದೆ, ಮರುದಿನ ಬೆಳಗ್ಗೆ ಬಾಗಿಲ ಮುಂದೆ ನೀಲಿ ಬಾಲ್ದಿ ಬಂದು ಕೂತಿತ್ತು. ತಂಬಿಗೆಗೆ ಮಾತ್ರ ಯಾವ ಹೆಸರೂ ಸಾಗಲಿಲ್ಲ. ಐದು ದಿನವೂ ಕಾಫಿ ಲೋಟದಲ್ಲೇ ಸ್ನಾನವಾಯಿತು.