ಡಿಯೋಡರೆಂಟ್ ಹಾಕಿದರೂ ಬೆವರು ಬರುತ್ತದೆ, ಮತ್ತೆ ವಾಸನೆ ಹೇಗೆ ಹೋಗುತ್ತದೆ?

ಡಿಯೋಡರೆಂಟ್ ತಡೆಯುವುದು ಬೆವರನ್ನಲ್ಲ, ಬೆವರನ್ನು ತಿಂದು ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು. ಹಾಗಾಗಿ ಕಾರವಾರದ ಮೇ ತಿಂಗಳ ಸೆಕೆಗೆ ಅಂಗಿ ಒದ್ದೆಯಾಗುವುದು ತಪ್ಪುವುದಿಲ್ಲ.

ಆಗಷ್ಟೇ ಬಂದ ಬೆವರಿಗೆ ಹೆಚ್ಚುಕಮ್ಮಿ ವಾಸನೆಯೇ ಇಲ್ಲ. ಆದರೆ ಕಂಕುಳಲ್ಲಿ ಅಪೊಕ್ರೈನ್ ಎಂಬ ಬೇರೆ ಬಗೆಯ ಬೆವರಿನ ಗ್ರಂಥಿಗಳಿವೆ. ಇವು ಕೆಲಸ ಶುರು ಮಾಡುವುದು ಹರೆಯ ಬಂದ ಮೇಲೆ. ಅದಕ್ಕೇ ಚಿಕ್ಕ ಮಕ್ಕಳು ದಿನವಿಡೀ ಕಡಲತೀರದಲ್ಲಿ ಆಡಿ ಬೆವರಿದರೂ ದೊಡ್ಡವರ ಹಾಗೆ ಕಂಕುಳು ನಾರುವುದಿಲ್ಲ. ಈ ಗ್ರಂಥಿಗಳ ಬೆವರಿನಲ್ಲಿ ಕೊಬ್ಬು, ಪ್ರೋಟೀನ್ ಅಂಶ ಇರುತ್ತದೆ. ಚರ್ಮದ ಮೇಲೆಯೇ ವಾಸಿಸುವ ಕೊರಿನೆಬ್ಯಾಕ್ಟೀರಿಯಂ, ಸ್ಟೆಫಿಲೋಕಾಕಸ್ ಹೊಮಿನಿಸ್‌ನಂಥ ಬ್ಯಾಕ್ಟೀರಿಯಾ ಬೆವರಿನ ಕೆಲವು ಅಂಶಗಳನ್ನು ಒಡೆಯುತ್ತವೆ. ಆಗ ಹುಟ್ಟುವ ಆಮ್ಲಗಳು, ಗಂಧಕದ ಸಂಯುಕ್ತಗಳು ಸಲೀಸಾಗಿ ಗಾಳಿಗೆ ಹಾರಿ ಮೂಗಿಗೆ ಬರುತ್ತವೆ. ಈರುಳ್ಳಿಯ ಘಾಟಿನಲ್ಲೂ ಗಂಧಕವೇ ಇರುವುದು, ಹೋಲಿಕೆ ಗೊತ್ತಾಯಿತಲ್ವಾ?

ಡಿಯೋಡರೆಂಟ್‌ನಲ್ಲಿರುವ ಆಲ್ಕೋಹಾಲ್ ಈ ಬ್ಯಾಕ್ಟೀರಿಯಾದ ಹೊರಪೊರೆ ಹಾಳುಮಾಡಿ ಸಾಯಿಸುತ್ತದೆ. ಕೆಲವು ಬಗೆಯ ಡಿಯೋಡರೆಂಟ್‌ಗಳು ಚರ್ಮದ ಆಮ್ಲತೆ ಹೆಚ್ಚಿಸಿ, ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುತ್ತವೆ. ಉಳಿದ ವಾಸನೆಯನ್ನು ಸುಗಂಧ ಮುಚ್ಚುತ್ತದೆ. ಎಲ್ಲ ಬ್ಯಾಕ್ಟೀರಿಯಾವೂ ಸಾಯುವುದಿಲ್ಲ, ಉಳಿದವು ಮತ್ತೆ ಹೆಚ್ಚುತ್ತವೆ. ಸಂಜೆಯ ಹೊತ್ತಿಗೆ ವಾಸನೆ ಮರಳುವುದು ಇದರಿಂದಲೇ.

ಬೆವರನ್ನೇ ಕಡಿಮೆ ಮಾಡಬೇಕೆಂದರೆ ಆಂಟಿಪರ್ಸ್ಪಿರಂಟ್ ಬೇಕು. ಅದರ ಅಲ್ಯುಮಿನಿಯಂ ಲವಣಗಳು ಬೆವರಿನ ನಾಳಗಳ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಪಟಿಕವೂ ಅಲ್ಯುಮಿನಿಯಂ ಲವಣವೇ, ಅದಕ್ಕೂ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ.

ಯಾವುದನ್ನೇ ಆದರೂ ಸ್ನಾನ ಮಾಡಿ, ಕಂಕುಳು ಒರೆಸಿಕೊಂಡು ಹಚ್ಚಿ. ಬೆವರಿದ ಮೇಲೆ ಸುಮ್ನೆ ಹೊಡೆದುಕೊಂಡರೆ ಎರಡು ವಾಸನೆ ಬೆರೆತು ಮೂರನೆಯದೊಂದು ಬರುತ್ತದೆ, ಅಷ್ಟೇ.