ಕೆಲಸ ಹೋದಾಗಲೂ ದೇವರು ನಂಬಿಗಸ್ತ ಅಂತ ಹೇಗೆ ಗೊತ್ತಾಗುತ್ತದೆ?

ಕೆಲಸ ಹೋಗಿ ಎಂಟು ತಿಂಗಳಾಯಿತು, ದೇವರು ಕೈಬಿಡುವುದಿಲ್ಲ ಅನ್ನುತ್ತಾರೆ, ಅದು ಎಲ್ಲಿ ಕಾಣುತ್ತದೆ ಅಂತ ಕೇಳಿದ್ದೀರಿ. ನಾನು ಮಂಗಳೂರಿನ ಬಲ್ಮಠದ ಹತ್ತಿರದವಳು. ಹೊಲಿಗೆ ನನ್ನ ಕೆಲಸ. ಅಂಥ ದಿನಗಳನ್ನು ನಾನೂ ಕಳೆದಿದ್ದೇನೆ.

ನಾನಿದ್ದ ಅಂಗಡಿ ಒಂದು ಏಪ್ರಿಲ್‌ನಲ್ಲಿ ಮುಚ್ಚಿತು. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಬೋಟುಗಳು ಕಡಲಿಗಿಳಿಯದ ಜೂನ್, ಜುಲೈಯ 61 ದಿನ ಹಸಿ ಮೀನಿನ ರೇಟು ಕೇಳುವ ಹಾಗಿರಲಿಲ್ಲ. ಗಂಜಿಗೆ ಒಣಮೀನಿನ ಚಟ್ನಿ. ಬೆಳಿಗ್ಗೆ ನಾನು ಹತ್ತುತ್ತಿದ್ದ ಬಸ್ಸಿನ ಹಾರ್ನ್ ಕೇಳಿದರೆ ಅಳು ಬರುತ್ತಿತ್ತು.

ಆಗಸ್ಟ್‌ನಲ್ಲಿ ಒಂದು ದಿನ, ಹನ್ನೊಂದು ಗಂಟೆ ಇರಬೇಕು. ಪಕ್ಕದ ಮನೆ ಅಕ್ಕನ ರವಿಕೆಗೆ ತೋಳು ಜೋಡಿಸುತ್ತಿದ್ದೆ. ಬಚ್ಚಲಲ್ಲಿ ಚೊಂಬು ಬಿದ್ದ ಸದ್ದು. ಅದು ಉರುಳಿ ಉರುಳಿ ನಿಂತಿತು. ಅಪ್ಪ 'ಏನಿಲ್ಲ ಮಗಾ' ಅನ್ನಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರು, ಬಾಯಿ ಸೊಟ್ಟಗಾಗಿತ್ತು. ಸ್ಟ್ರೋಕ್. ರಿಕ್ಷಾ ಹಿಡಿದು ಅರ್ಧ ಗಂಟೆಯೊಳಗೆ ಆಸ್ಪತ್ರೆ ಸೇರಿದೆವು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂದರು ಡಾಕ್ಟರ್. ಕೆಲಸ ಇದ್ದಿದ್ದರೆ ನಾನು ಮನೆಗೆ ಬರುತ್ತಿದ್ದದ್ದೇ ರಾತ್ರಿ ಏಳೂವರೆಗೆ.

ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಬೈಬಲ್‌ನ ಆದಿಕಾಂಡದ ಯೋಸೇಫ ನೆನಪಾದ. ಅಣ್ಣಂದಿರ ಕೈಯಿಂದ 20 ಬೆಳ್ಳಿ ನಾಣ್ಯಕ್ಕೆ ಮಾರಿಹೋದಾಗ ಅವನಿಗೆ 17 ವರ್ಷ. ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30. ನಡುವೆ ಸೆರೆಮನೆ. ಅಲ್ಲಿಂದ ಬಿಡುಗಡೆಯಾದ ಪಾನದಾಯಕನಿಗೆ, ಅಂದರೆ ರಾಜನಿಗೆ ದ್ರಾಕ್ಷಾರಸ ಕೊಡುವವನಿಗೆ, 'ನನ್ನನ್ನು ಮರೀಬೇಡ' ಅಂದಿದ್ದ. ಅವನು ಎರಡು ವರ್ಷ ಮರೆತ. ಚಿಕ್ಕಂದಿನಿಂದ ನನಗೆ ಆ ಪಾನದಾಯಕನ ಮೇಲೆ ಸಿಟ್ಟು. ಅವತ್ತು ಬೇರೆಯೇ ಹೊಳೆಯಿತು. ಅವನು ಕೂಡಲೇ ನೆನಪಿಸಿಕೊಂಡಿದ್ದರೆ ಯೋಸೇಫ ಬಿಡುಗಡೆಯಾಗಿ ಊರಿಗೆ ಹೋಗಿಬಿಡುತ್ತಿದ್ದನೋ ಏನೋ. ಫರೋಹನಿಗೆ ಕನಸು ಬಿದ್ದ ದಿನ, ಬರಗಾಲ ಬರುತ್ತದೆ ಅಂತ ಅದರ ಅರ್ಥ ಹೇಳಲು ಯೋಸೇಫ ಕರೆದರೆ ಸಿಗುವಷ್ಟು ಹತ್ತಿರ ಇದ್ದ, ಅಲ್ವಾ? ಮುಂದೆ ಬರಗಾಲದಲ್ಲಿ ಆ ಅಣ್ಣಂದಿರೂ ಅವನಿಂದಲೇ ಉಂಡರು.

ಆದರೆ ಅಪ್ಪನಿಗೋಸ್ಕರ ದೇವರು ಅಂಗಡಿ ಮುಚ್ಚಿಸಿದ ಅಂತ ನಾನು ಹೇಳುವುದಿಲ್ಲ. ನನ್ನ ಜೊತೆ ಇನ್ನೂ ನಾಲ್ಕು ಜನರ ಕೆಲಸ ಹೋಯಿತು. ಅವರಿಗೆ ಏನು ಹೇಳಲಿ? ನಿಮಗೂ ಯಾರಾದರೂ ಸುಮ್ನೆ ಒಂದು ಕಾರಣ ಕೊಟ್ಟರೆ ಒಪ್ಪಿಕೊಳ್ಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ದೇವರು ನನ್ನ ಜೊತೆಗಿದ್ದ ಅನ್ನುವುದಷ್ಟೇ ನನಗೆ ಗೊತ್ತು.

ಆಮೇಲಿಂದ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಾರೀಕು ಹಾಕಿ ಬರೆಯುತ್ತೇನೆ. 'ಎರಡು ರವಿಕೆ ಬಂತು.' 'ಚರ್ಚ್ ಸಭೆಯ ಅಕ್ಕ 5 ಕೆಜಿ ಕುಚ್ಚಲಕ್ಕಿ ಇಟ್ಟು ಹೋದರು, ನಾನು ಕೇಳಿರಲಿಲ್ಲ.' 'ಅಪ್ಪ ಅಂಗಿಯ ಗುಂಡಿ ತಾವೇ ಹಾಕಿಕೊಂಡರು.' ಬರೆಯುವಾಗ ದೊಡ್ಡದೇನೂ ಅನಿಸುವುದಿಲ್ಲ. ಮೂರು ತಿಂಗಳು ಬಿಟ್ಟು ಒಟ್ಟಿಗೆ ಓದಿದರೆ ಗಂಟಲು ಕಟ್ಟುತ್ತದೆ. ನೀವೂ ಬರೆದು ನೋಡಿ. ಏನೂ ಕಾಣದ ದಿನ ತಾರೀಕು ಮಾತ್ರ ಹಾಕಿ.

ನಿಮ್ಮ ಹೆಸರು ಗೊತ್ತಿಲ್ಲ. ಇವತ್ತು ರಾತ್ರಿಯ ಪ್ರಾರ್ಥನೆಯಲ್ಲಿ 'ಎಂಟು ತಿಂಗಳಿಂದ ಕೆಲಸ ಇಲ್ಲದವರು' ಅಂತಲೇ ನಿಮ್ಮನ್ನು ನೆನೆಯುತ್ತೇವೆ. ಅಪ್ಪನಿಗೂ ಹೇಳಿದ್ದೇನೆ.